ಬೆಳಕು ಬಿದ್ದಾಗ ಅಂಟುವ ಗುರುತು: ಪ್ರೋಟೀನಿನಲ್ಲಿ ಔಷಧಿ ಕೂರುವ ಜಾಗ ಹುಡುಕುವುದು ಹೇಗೆ

ಚಿಕ್ಕವಳಿದ್ದಾಗ ಗೋರಂಟಿ ಹಚ್ಚಿಕೊಂಡು ಮಲಗಿದರೆ ಬೆಳಿಗ್ಗೆ ಅಂಗೈ ಜೊತೆಗೆ ಕೆನ್ನೆಯೂ ಕೆಂಪಾಗಿರುತ್ತಿತ್ತು. ಒಣಗಿದ ಸೊಪ್ಪನ್ನು ಉದುರಿಸಿ ತೊಳೆದರೂ ಬಣ್ಣ ಹೋಗುತ್ತಿರಲಿಲ್ಲ. ಸೊಪ್ಪು ಎಲ್ಲೆಲ್ಲಿ ಕೂತಿತ್ತೋ ಅಲ್ಲೆಲ್ಲ ಕೆಂಪು. ಅಂಗೈ ಮೇಲಿನದು ಅಮ್ಮ ಇಟ್ಟದ್ದು, ಕೆನ್ನೆ ಮೇಲಿನದು ನಿದ್ದೆಯಲ್ಲಿ ತಾಗಿದ್ದು. ಬಣ್ಣ ಮಾತ್ರ ಎರಡೂ ಕಡೆ ಒಂದೇ. ಲ್ಯಾಬ್‌ಗೆ ಹೊಸದಾಗಿ ಬಂದವರಿಗೆ ಈ ಪ್ರಯೋಗ ಹೇಳಿಕೊಡುವಾಗ ನಾನು ಇದರಿಂದಲೇ ಶುರು ಮಾಡುತ್ತೇನೆ. ಏಕೆಂದರೆ ನಾವು ಮಾಡುವುದೂ ಇದನ್ನೇ.

ನಾನು ಬೆಂಗಳೂರಿನಲ್ಲಿ ಪ್ರೋಟೀನ್‌ಗಳ ಮೇಲೆ ಕೆಲಸ ಮಾಡುವವಳು. ಔಷಧಿಯ ಅಣು ಪ್ರೋಟೀನಿನ ಯಾವ ಸಂದಿಯಲ್ಲಿ ಹೋಗಿ ಕೂರುತ್ತದೆ ಅನ್ನುವುದು ನಮ್ಮ ಪ್ರಶ್ನೆ. ತೊಂದರೆ ಏನೆಂದರೆ ಬಹಳಷ್ಟು ಔಷಧಿಗಳು ಅಲ್ಲಿ ಕೂರುತ್ತವೆ, ಏಳುತ್ತವೆ, ಮತ್ತೆ ಕೂರುತ್ತವೆ. ನೋಡೋಣ ಅಂತ ಪ್ರೋಟೀನನ್ನು ಬಿಚ್ಚಿದರೆ ಔಷಧಿ ಹೊರಟೇ ಹೋಗಿರುತ್ತದೆ. ಅದಕ್ಕೆ ಔಷಧಿಯ ಅಣುವಿಗೆ ಒಂದು ಚಿಕ್ಕ ಗುರುತು ಕಟ್ಟುತ್ತೇವೆ. ಕತ್ತಲಲ್ಲಿ ಅದು ಸುಮ್ಮನಿರುತ್ತದೆ. ಸರಿಯಾದ ಬೆಳಕು ಬಿದ್ದ ಕೂಡಲೇ ಪಕ್ಕದಲ್ಲಿ ಏನಿದೆಯೋ ಅದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಪ್ರೋಟೀನನ್ನು ಕುದಿಸಿ, ಕತ್ತರಿಸಿ, ಏನು ಮಾಡಿದರೂ ಬಿಡುವುದಿಲ್ಲ.

ಇದು ಹೊಸ ಉಪಾಯವಲ್ಲ. 1962ರಲ್ಲಿ ಹಾರ್ವರ್ಡ್‌ನ ಫ್ರಾಂಕ್ ವೆಸ್ಟ್‌ಹೈಮರ್ ಮತ್ತು ಸಂಗಡಿಗರು ಕೈಮೋಟ್ರಿಪ್ಸಿನ್ ಎಂಬ ಕಿಣ್ವಕ್ಕೆ ಬೆಳಕಿಗೆ ಕೆರಳುವ ಡಯಜೋ ಗುಂಪನ್ನು ಕೂಡಿಸಿ, ಬೆಳಕು ಬಿಟ್ಟು ಮೊದಲು ಮಾಡಿ ತೋರಿಸಿದರು. 2000ದಲ್ಲಿ ಆಲ್‌ಝೈಮರ್ ಸಂಶೋಧನೆಯಲ್ಲಿ ಇದೇ ದಾರಿಯಿಂದ ದೊಡ್ಡ ಉತ್ತರ ಸಿಕ್ಕಿತು. ಗಾಮಾ ಸಿಕ್ರಿಟೇಸ್ ಎಂಬ ಕಿಣ್ವವನ್ನು ತಡೆಯುವ ಅಣುವಿಗೆ ಬೆಳಕಿನ ಗುರುತು ಕಟ್ಟಿ ಬಿಟ್ಟರೆ, ಅದು ಹೋಗಿ ಪ್ರೆಸೆನಿಲಿನ್ ಎಂಬ ಪ್ರೋಟೀನಿಗೆ ಅಂಟಿತು. ಅಂದರೆ ಆ ಕಿಣ್ವದಲ್ಲಿ ಕೆಲಸ ಮಾಡುವ ಭಾಗ ಅದೇ. ಅರಿವಳಿಕೆ ಔಷಧಿ ಎಟೊಮಿಡೇಟ್ ಮಿದುಳಿನ ಗಾಬಾ ರಿಸೆಪ್ಟರ್ ಎಂಬ ಪ್ರೋಟೀನಿನಲ್ಲಿ ಯಾವ ಎರಡು ಮೆಥಿಯೋನಿನ್ ಅಮೈನೋ ಆಮ್ಲಗಳ ನಡುವೆ ಕೂರುತ್ತದೆ ಎಂದು 2006ರಲ್ಲಿ ಗೊತ್ತಾದದ್ದೂ ಹೀಗೇ.

ಮೊದಲು ಗುರುತಿನ ಆಯ್ಕೆ. ಬಳಕೆಯಲ್ಲಿ ಮುಖ್ಯವಾಗಿ ಮೂರಿವೆ. ಅರೈಲ್ ಅಜೈಡ್ ತಯಾರಿಸಲು ಸುಲಭ, ಆದರೆ ಸಾಮಾನ್ಯವಾಗಿ ಪ್ರೋಟೀನಿಗೆ ಹಾನಿ ಮಾಡುವ ಕಡಿಮೆ ತರಂಗಾಂತರದ ಬೆಳಕು ಕೇಳುತ್ತದೆ, ಬಫರ್‌ನಲ್ಲಿ, ಅಂದರೆ ಪ್ರೋಟೀನ್ ಇಡುವ ಪಿಎಚ್ ಬದಲಾಗದ ದ್ರಾವಣದಲ್ಲಿ, ಡಿಟಿಟಿ ಎಂಬ ಅಪಕರ್ಷಕ ಇದ್ದರೆ ಹಾಳಾಗುತ್ತದೆ. ಬೆಂಜೋಫಿನೋನ್ ಗಟ್ಟಿಮುಟ್ಟು. ಬೆಳಕು ಬಿದ್ದು ಕೆರಳಿದಾಗ ಪಕ್ಕದಲ್ಲಿ ಅಂಟಲು ಏನೂ ಸಿಗದಿದ್ದರೆ ಮೊದಲಿನ ಸ್ಥಿತಿಗೆ ಮರಳಿ ಮತ್ತೆ ಪ್ರಯತ್ನಿಸುತ್ತದೆ. ಆದರೆ ಗಾತ್ರ ದೊಡ್ಡದು, ಎರಡು ಬೆಂಜೀನ್ ಉಂಗುರಗಳ ಭಾರ. ಸಣ್ಣ ಔಷಧಿಗೆ ಅದನ್ನು ಕಟ್ಟಿದರೆ ಔಷಧಿ ತನ್ನ ಸಂದಿಯೊಳಗೆ ಹೋಗುವುದೇ ಕಷ್ಟ. ಮೂರನೆಯದು ಡಯಜಿರಿನ್. ಒಂದು ಕಾರ್ಬನ್, ಎರಡು ನೈಟ್ರೋಜನ್ ಸೇರಿದ ಪುಟ್ಟ ತ್ರಿಕೋನ. 365 ನ್ಯಾನೋಮೀಟರ್ ಬೆಳಕು ಬಿದ್ದರೆ ನೈಟ್ರೋಜನ್ ಹಾರಿಹೋಗುತ್ತದೆ, ಉಳಿದ ಕಾರ್ಬೀನ್ ಕ್ಷಣಮಾತ್ರದಲ್ಲಿ ಪಕ್ಕದ್ದನ್ನು ಹಿಡಿಯುತ್ತದೆ. ಪಕ್ಕದಲ್ಲಿ ನೀರಿದ್ದರೆ ನೀರನ್ನೇ ಹಿಡಿದು ಮುಗಿದುಹೋಗುತ್ತದೆ. ಹಾಗಾಗಿ ಅಂಟುವ ಪ್ರಮಾಣ ಕಡಿಮೆ, ಎಷ್ಟೋ ಸಲ ನೂರಕ್ಕೆ ಕೆಲವೇ ಅಣು. ಆದರೂ ನಾನು ಹೊಸಬರಿಗೆ ಡಯಜಿರಿನ್ ಅನ್ನೇ ಕೊಡುತ್ತೇನೆ. ಔಷಧಿಯ ಆಕಾರ ಜಾಸ್ತಿ ಕೆಡದೆ ಇರುವುದು ಎಲ್ಲಕ್ಕಿಂತ ಮುಖ್ಯ.

ಕಲಿಯಲು ಒಳ್ಳೆಯ ಪ್ರೋಟೀನ್ ಕಾರ್ಬಾನಿಕ್ ಅನ್‌ಹೈಡ್ರೇಸ್. ದನದ ರಕ್ತದಿಂದ ತೆಗೆದದ್ದು ಪುಡಿಯಾಗಿ ಸಿಗುತ್ತದೆ, ತೂಕ ಸುಮಾರು 29 ಕಿಲೋಡಾಲ್ಟನ್ (ಡಾಲ್ಟನ್ ಅಂದರೆ ಅಣುಗಳ ತೂಕದ ಅಳತೆ). ಅದರ ಸಂದಿ ಒಂದು ಲಾಳಿಕೆಯ ಹಾಗಿದೆ. ತಳದಲ್ಲಿ ಮೂರು ಹಿಸ್ಟಿಡಿನ್‌ಗಳು ಹಿಡಿದ ಒಂದು ಸತು ಅಯಾನ್. ಸಲ್ಫೋನಮೈಡ್ ಜಾತಿಯ ಅಣುಗಳು ನೇರ ಹೋಗಿ ಆ ಸತುವನ್ನು ಹಿಡಿಯುತ್ತವೆ. ಹಿಮಾಲಯ ಟ್ರೆಕ್ಕಿಂಗ್‌ಗೆ ಹೋಗುವವರು ಎತ್ತರದ ತೊಂದರೆಗೆ ತೆಗೆದುಕೊಳ್ಳುವ ಅಸೆಟಜೋಲಮೈಡ್ ಮಾತ್ರೆ ಇದೆಯಲ್ವಾ, ಅದು ಈ ಜಾತಿಯದೇ. ಎಲ್ಲಿ ಕೂರುತ್ತದೆ ಎಂದು ಮೊದಲೇ ಚೆನ್ನಾಗಿ ಗೊತ್ತಿರುವ ಜೋಡಿಯಲ್ಲಿ ಕೈ ಪಳಗಿಸಿಕೊಂಡರೆ, ಆಮೇಲೆ ಗೊತ್ತಿಲ್ಲದ ಜೋಡಿಗೆ ಹೋದಾಗ ನಿಮ್ಮ ಕೈಯನ್ನು ನೀವು ನಂಬಬಹುದು.

ಹೀಗೆ ಗುರುತು ಕಟ್ಟಿದ ಅಣುವಿಗೆ ಪ್ರೋಬ್ ಎನ್ನುತ್ತೇವೆ. ಅದನ್ನು ಮಾಡುವುದು ರಸಾಯನಶಾಸ್ತ್ರದ ಒಂದೇ ಹೆಜ್ಜೆ. ಅಮೈನೋಎಥೈಲ್ ಬೆಂಜೀನ್ ಸಲ್ಫೋನಮೈಡ್ ಕೊಂಡು ತರಬಹುದು. ಒಂದು ಕಡೆ ಆಮ್ಲ, ನಡುವೆ ಡಯಜಿರಿನ್, ಇನ್ನೊಂದು ಕಡೆ ಆಲ್ಕೈನ್ ಇರುವ ಪುಟ್ಟ ಕೊಂಡಿಯೂ ಸಿಗುತ್ತದೆ. ಎರಡನ್ನೂ ಅಮೈಡ್ ಬಂಧದಿಂದ ಕೂಡಿಸಿದರೆ ಆಯಿತು. ಸಲ್ಫೋನಮೈಡ್ ಜಾಗ ಹುಡುಕುತ್ತದೆ, ಡಯಜಿರಿನ್ ಅಂಟುತ್ತದೆ, ಆಲ್ಕೈನ್‌ಗೆ ಕೊನೆಯಲ್ಲಿ ಬಣ್ಣ ಸಿಕ್ಕಿಸುತ್ತೇವೆ. ಈ ಪ್ರೋಬ್‌ನ ತೂಕ 348.126 ಡಾಲ್ಟನ್. ಈ ಸಂಖ್ಯೆ ಬರೆದಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಗುರುತು ಕಟ್ಟಿದ ಮೇಲೂ ಅಣು ತನ್ನ ಜಾಗದಲ್ಲಿ ಕೂರುತ್ತದೆಯೇ ಎಂದು ಬೆಳಕಿಗೆ ಮೊದಲೇ ನೋಡಿ. ಈ ಕಿಣ್ವ ನೈಟ್ರೋಫಿನೈಲ್ ಅಸಿಟೇಟ್ ಅನ್ನು ಒಡೆದು ಹಳದಿ ಬಣ್ಣ ಕೊಡುತ್ತದೆ. ಪ್ರೋಬ್ ಹಾಕಿದಾಗ ಹಳದಿ ಬರುವುದು ನಿಧಾನವಾದರೆ ಪ್ರೋಬ್ ಸಂದಿಯೊಳಗೆ ಹೋಗುತ್ತಿದೆ ಎಂದರ್ಥ. ಅರ್ಧ ದಿನದ ಕೆಲಸ. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಈಗ ಬೆಳಕು. ನಾನು ಅತಿ ಜಾಸ್ತಿ ಸಮಯ ಕಳೆದದ್ದು, ಅತಿ ಜಾಸ್ತಿ ಕಲಿತದ್ದು ಇಲ್ಲಿ. ಪ್ರೋಟೀನಿನ ಟ್ರಿಪ್ಟೋಫ್ಯಾನ್, ಟೈರೋಸಿನ್‌ಗಳು 280 ನ್ಯಾನೋಮೀಟರ್ ಹತ್ತಿರದ ಬೆಳಕನ್ನು ಹೀರುತ್ತವೆ. ಅಂಥ ಬೆಳಕು ಬಿಟ್ಟರೆ ಪ್ರೋಟೀನೇ ಹಾಳಾಗುತ್ತದೆ. 365 ಆದರೆ ಅದನ್ನು ಜಾಸ್ತಿ ಮುಟ್ಟದೆ ಡಯಜಿರಿನ್ ಅನ್ನು ಮಾತ್ರ ಕೆರಳಿಸುತ್ತದೆ. ಕೈಯಲ್ಲಿ ಹಿಡಿಯುವ ಎಷ್ಟೋ ಯುವಿ ಲ್ಯಾಂಪ್‌ಗಳಲ್ಲಿ 254, 365 ಎರಡೂ ಟ್ಯೂಬ್ ಇರುತ್ತವೆ, ಬದಿಯಲ್ಲೊಂದು ಸ್ವಿಚ್. ಒಮ್ಮೆ ನನಗಿಂತ ಮೊದಲು ಬಳಸಿದವರು ಅದನ್ನು 254ಕ್ಕೆ ಬಿಟ್ಟಿದ್ದರು. ನಾನು ನೋಡಲಿಲ್ಲ. ಆ ದಿನದ ಜೆಲ್ ಈಗಲೂ ಕಣ್ಣ ಮುಂದಿದೆ. (ಜೆಲ್ ಅಂದರೆ ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ತೆಳು ಹಾಳೆ. ಒಂದೊಂದು ಟ್ಯೂಬಿಗೆ ಒಂದೊಂದು ಸಾಲು, ಸಾಲಿನಲ್ಲಿ ಒಂದೊಂದು ಪ್ರೋಟೀನೂ ಒಂದು ಪಟ್ಟಿ, ಅದೇ ಬ್ಯಾಂಡ್.) ಪ್ರೋಬ್ ಹಾಕದ ಸಾಲಿನಲ್ಲೂ ಪ್ರೋಟೀನ್ ಬ್ಯಾಂಡ್ ಮಸುಕಾಗಿ, ಒದ್ದೆ ಬೆರಳಿನಿಂದ ಮೇಲಕ್ಕೆ ಎಳೆದ ಹಾಗಿತ್ತು. ಪ್ರೋಬ್ ಇಲ್ಲದ ಆ ಒಂದು ಸಾಲು ಇಲ್ಲದೇ ಹೋಗಿದ್ದರೆ ತಪ್ಪನ್ನು ಪ್ರೋಬ್ ಮೇಲೆ ಹಾಕುತ್ತಿದ್ದೆ. ಈಗ ಸ್ವಿಚ್ ಮೇಲೆ ಟೇಪ್ ಹಾಕಿದ್ದೇನೆ. ಸಾಧ್ಯವಾದರೆ 365ರ ಎಲ್‌ಇಡಿ ಲ್ಯಾಂಪ್‌ನ್ನೇ ಬಳಸಿ.

ಲ್ಯಾಂಪ್‌ನಿಂದ ದ್ರಾವಣಕ್ಕೆ ದೂರ 3ರಿಂದ 5 ಸೆಂಟಿಮೀಟರ್ ಇರಲಿ. ಎಷ್ಟೇ ಇಟ್ಟರೂ ಪ್ರತಿ ಸಲ ಅಷ್ಟೇ ಇಡಿ. ನಾನು ಖಾಲಿ ಟಿಪ್ ಬಾಕ್ಸ್ ಒಂದನ್ನು ಅಳತೆಗೆ ಇಟ್ಟುಕೊಂಡಿದ್ದೇನೆ, ಲ್ಯಾಂಪ್ ಅದರ ಮೇಲೆ ಕೂರುತ್ತದೆ. ದ್ರಾವಣ ಟ್ಯೂಬಿನಲ್ಲಿ ಆಳವಾಗಿರುವುದು ಬೇಡ. 96 ಗುಳಿಗಳ ಪ್ಲೇಟಿಗೆ ಹಾಕಿ, ಮುಚ್ಚಳ ತೆಗೆದು, ತೆಳುವಾಗಿ ಹರಡಲಿ. ಪ್ಲೇಟಿನ ಕೆಳಗೆ ಪುಡಿ ಮಾಡಿದ ಐಸ್, ಅದು ಪ್ಲೇಟಿನ ತಳಕ್ಕೆ ಪೂರ್ತಿ ತಾಗಿರಬೇಕು. ಹಳೆಯ ಲ್ಯಾಂಪ್‌ಗಳು ಚೆನ್ನಾಗಿ ಬಿಸಿಯಾಗುತ್ತವೆ. ಬಿಸಿಗೆ ಬಿಚ್ಚಿದ ಪ್ರೋಟೀನಿಗೆ ಪ್ರೋಬ್ ಎಲ್ಲೆಂದರಲ್ಲಿ ಅಂಟುತ್ತದೆ. ಯುವಿ ತಡೆಯುವ ಕನ್ನಡಕ ಹಾಕಿಕೊಳ್ಳಿ. ಗ್ಲೌಸ್ ಮತ್ತು ಕೋಟಿನ ತೋಳಿನ ನಡುವೆ ಮಣಿಕಟ್ಟು ಕಾಣದ ಹಾಗೆ ಎಳೆದುಕೊಳ್ಳಿ.

ಎಷ್ಟು ಹೊತ್ತು? ಇದಕ್ಕೆ ನಿಮ್ಮ ಲ್ಯಾಂಪ್ ಮಾತ್ರ ಉತ್ತರ ಕೊಡಬಲ್ಲದು. ಒಂದೇ ಮಿಶ್ರಣವನ್ನು 0, 1, 2, 5, 10, 20 ನಿಮಿಷ ಬೆಳಗಿಸಿ, ಮುಂದೆ ಹೇಳುವ ಹಾಗೆ ಬಣ್ಣ ಸಿಕ್ಕಿಸಿ ಜೆಲ್ ಓಡಿಸಿ. ಹೊಳಪು ಏರಿ ಏರಿ ಒಂದು ಕಡೆ ನಿಲ್ಲುತ್ತದೆ. ಅದು ನಿಲ್ಲುವುದಕ್ಕೆ ಸ್ವಲ್ಪ ಮೊದಲಿನ ಸಮಯ ನಿಮ್ಮದು. ಡಯಜಿರಿನ್‌ಗೆ ಎಷ್ಟೋ ಸಲ 5ರಿಂದ 10 ನಿಮಿಷ ಸಾಕು, ಬೆಂಜೋಫಿನೋನ್ ಅರ್ಧ ಗಂಟೆಯೂ ಕೇಳಬಹುದು. ಇರಲಿ ಅಂತ ಜಾಸ್ತಿ ಹೊತ್ತು ಬಿಡಬೇಡಿ. ಅಂಟಿದ್ದು ವಾಪಸ್ ಬಿಡುವುದಿಲ್ಲ ಅಲ್ವಾ? ಹೊತ್ತು ಹೆಚ್ಚಾದಷ್ಟು ಅಪರೂಪಕ್ಕೊಮ್ಮೆ ತಾಗಿ ಹೋಗುವ ಜಾಗದಲ್ಲೂ ಗುರುತು ಸೇರುತ್ತಾ ಹೋಗುತ್ತದೆ. ಕೆನ್ನೆ ಮೇಲಿನ ಗೋರಂಟಿ ಹಾಗೆ.

ಪ್ರೋಬ್‌ನ ಸ್ಟಾಕ್ ಅನ್ನು (ಗಾಢ ದ್ರಾವಣ) ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಕಂದು ಬಾಟಲಿಯಲ್ಲಿ, ಫಾಯಿಲ್ ಸುತ್ತಿ, ಮೈನಸ್ 20ರಲ್ಲಿ ಇಡಿ. ಹೊರತೆಗೆದಾಗ ಕಿಟಕಿ ಪಕ್ಕದ ಟೇಬಲ್ ಬೇಡ. ಲ್ಯಾಬ್‌ನ ಮಾಮೂಲಿ ದೀಪದಲ್ಲಿ ಎರಡು ನಿಮಿಷ ಇದ್ದರೆ ಏನೂ ಆಗುವುದಿಲ್ಲ, ಆದರೆ ಮಧ್ಯಾಹ್ನದ ಬಿಸಿಲು ಲ್ಯಾಂಪ್ ಮಾಡುವ ಕೆಲಸವನ್ನೇ ಮಾಡುತ್ತದೆ.

ಇನ್ನು ಟ್ಯೂಬ್‌ಗಳು. ಬಫರ್‌ಗೆ 50 ಮಿಲಿಮೋಲಾರ್ ಹೆಪಿಸ್, ಪಿಎಚ್ 7.5, 100 ಮಿಲಿಮೋಲಾರ್ ಉಪ್ಪು. ಪ್ರತಿ ಟ್ಯೂಬಿನಲ್ಲಿ 100 ಮೈಕ್ರೋಲೀಟರ್. ಅದರಲ್ಲಿ 2 ಮೈಕ್ರೋಮೋಲಾರ್ ಕಾರ್ಬಾನಿಕ್ ಅನ್‌ಹೈಡ್ರೇಸ್, ಜೊತೆಗೆ 2 ಮೈಕ್ರೋಮೋಲಾರ್ ಬಿಎಸ್‌ಎ. ಬಿಎಸ್‌ಎ ಏಕೆಂದರೆ, ಅದು 66 ಕಿಲೋಡಾಲ್ಟನ್ನಿನ ಬೇರೆಯೇ ಪ್ರೋಟೀನ್. ಜೆಲ್‌ನಲ್ಲಿ ದೂರ ನಿಲ್ಲುತ್ತದೆ. ಪ್ರೋಬ್ ಸಿಕ್ಕ ಸಿಕ್ಕ ಕಡೆ ಅಂಟುತ್ತಿದ್ದರೆ ಅದೂ ಬೆಳಗಿ ಹೇಳುತ್ತದೆ.

1ನೇ ಟ್ಯೂಬಿನಲ್ಲಿ ಪ್ರೋಬ್ ಇಲ್ಲ, ಬೆಳಕು ಇದೆ. 2ರಲ್ಲಿ ಪ್ರೋಬ್ ಇದೆ, ಬೆಳಕು ಇಲ್ಲ. ಅದನ್ನು ಫಾಯಿಲ್‌ನಲ್ಲಿ ಸುತ್ತಿ ಉಳಿದವುಗಳ ಪಕ್ಕದಲ್ಲೇ ಅದೇ ಐಸ್ ಮೇಲೆ ಇಡಿ. 3ರಲ್ಲಿ ಎರಡೂ ಇವೆ. 4ರಲ್ಲಿ ಮೊದಲು 200 ಮೈಕ್ರೋಮೋಲಾರ್ ಅಸೆಟಜೋಲಮೈಡ್ ಹಾಕಿ, 30 ನಿಮಿಷ ಬಿಟ್ಟು, ಆಮೇಲೆ ಪ್ರೋಬ್, ಆಮೇಲೆ ಬೆಳಕು. 5ರಲ್ಲಿ ಪ್ರೋಟೀನನ್ನು 95 ಡಿಗ್ರಿಯಲ್ಲಿ 5 ನಿಮಿಷ ಬೇಯಿಸಿ, ತಣಿಸಿ, ಪ್ರೋಬ್ ಮತ್ತು ಬೆಳಕು. 6ರಲ್ಲಿ ಪ್ರೋಬ್‌ಗೆ ಮಾತ್ರ ಮೊದಲೇ ಬೆಳಕು ಬಿಟ್ಟು, ನಂತರ ಕತ್ತಲಲ್ಲಿ ಪ್ರೋಟೀನಿಗೆ ಸೇರಿಸುವುದು. ಬೆಳಕಿನಲ್ಲಿ ಹುಟ್ಟಿ ತುಂಬಾ ಹೊತ್ತು ಬದುಕುವ, ಆಮೇಲೆ ಅಡ್ಡಾದಿಡ್ಡಿ ಅಂಟುವ ವಸ್ತು ಏನಾದರೂ ಇದ್ದರೆ ಈ ಟ್ಯೂಬಿನಲ್ಲಿ ಸಿಕ್ಕಿಬೀಳುತ್ತದೆ.

ಪ್ರೋಬ್ 2 ಮೈಕ್ರೋಮೋಲಾರ್, ಅಂದರೆ 200 ಮೈಕ್ರೋಮೋಲಾರ್ ಸ್ಟಾಕ್‌ನಿಂದ 1 ಮೈಕ್ರೋಲೀಟರ್. ಅಸೆಟಜೋಲಮೈಡ್ 20 ಮಿಲಿಮೋಲಾರ್ ಸ್ಟಾಕ್‌ನಿಂದ 1 ಮೈಕ್ರೋಲೀಟರ್. ಇವು ಇಲ್ಲದ ಟ್ಯೂಬ್‌ಗಳಿಗೆ ಅಷ್ಟೇ ಖಾಲಿ ಡಿಎಂಎಸ್‌ಒ ಹಾಕಿ, ಎಲ್ಲದರಲ್ಲೂ ಒಟ್ಟು 2 ಶೇಕಡಾ ಆಗಲಿ. ಹಾಕಿದ ತಕ್ಷಣ ಪಿಪೆಟ್‌ನಿಂದ ಮೂರು ಸಲ ಮೆತ್ತಗೆ ಎಳೆದು ಬಿಡಿ. ಡಿಎಂಎಸ್‌ಒ ಭಾರ, ಸುಮ್ನೆ ತಳಕ್ಕಿಳಿದು ಎಣ್ಣೆಯ ಎಳೆ ಹಾಗೆ ಕೂರುತ್ತದೆ. ಕತ್ತಲಲ್ಲಿ 30 ನಿಮಿಷ ಐಸ್ ಮೇಲಿಟ್ಟು, ಆಮೇಲೆ ಬೆಳಕು.

ಈ ಆರರಲ್ಲಿ 4ನೆಯದರ ಬಗ್ಗೆ ಒಂದು ಮಾತು. ಪಿಎಚ್‌ಡಿಯ ಎರಡನೇ ವರ್ಷ. ಬೇರೊಂದು ಅಣುವಿನ ಪ್ರೋಬ್ ಮಾಡಿ, ಜೀವಕೋಶಗಳನ್ನು ಒಡೆದ ರಸದಲ್ಲಿ ಹಾಕಿ ಬೆಳಕು ಬಿಟ್ಟಿದ್ದೆ. ಒಂದು ಬ್ಯಾಂಡ್ ಎಷ್ಟು ಚೆನ್ನಾಗಿ ಬೆಳಗಿತೆಂದರೆ ಅದರ ಚಿತ್ರ ಪ್ರಿಂಟ್ ಮಾಡಿ ಟೇಬಲ್ ಮುಂದೆ ಅಂಟಿಸಿಕೊಂಡಿದ್ದೆ. ಮೂರು ತಿಂಗಳು ಆ ಪ್ರೋಟೀನ್ ಹಿಂದೆ ಓಡಾಡಿದೆ. ಲ್ಯಾಬ್ ಮೀಟಿಂಗ್‌ನಲ್ಲಿ ತೋರಿಸಿದಾಗ ನಮ್ಮ ಮೇಡಂ ಒಂದೇ ಪ್ರಶ್ನೆ ಕೇಳಿದರು. “ಇದು ಆರುತ್ತಾ ಅಂತ ನೋಡಿದ್ಯಾ?” “ಇಲ್ಲ ಮೇಡಂ,” ಅಂದೆ. ಆ ವಾರವೇ ಮೂಲ ಅಣುವನ್ನು ನೂರು ಪಟ್ಟು ಹಾಕಿ ಮತ್ತೆ ಮಾಡಿದೆ. ಬ್ಯಾಂಡ್ ಒಂಚೂರೂ ಮಂಕಾಗಲಿಲ್ಲ. ಆ ಪ್ರೋಟೀನ್ ರಸದಲ್ಲಿ ಬೇಕಾದಷ್ಟಿತ್ತು, ಎದುರಿಗೆ ಸಿಕ್ಕಿತ್ತು, ಅಂಟಿತ್ತು ಅಷ್ಟೇ.

ಮೂಲ ಅಣು ಆ ಸಂದಿಯಲ್ಲಿ ಮೊದಲೇ ಕೂತಿದ್ದರೆ ಪ್ರೋಬ್‌ಗೆ ಅಲ್ಲಿ ಜಾಗವಿರುವುದಿಲ್ಲ. ಹಾಗಾಗಿ ನಿಜವಾದ ಜಾಗದ ಹೊಳಪು ಆರಬೇಕು. ಎಲ್ಲೆಂದರಲ್ಲಿ ಅಂಟಿದ್ದು ಆರುವುದಿಲ್ಲ. ಬರೀ ಹೊಳಪನ್ನು ನೋಡಿ ಹೆಸರು ಕಟ್ಟಬೇಡಿ ಎಂದು ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಸಾಧ್ಯವಾದರೆ ಒಂದೇ ಪ್ರಮಾಣಕ್ಕೆ ನಿಲ್ಲಿಸದೆ ಅಸೆಟಜೋಲಮೈಡ್ ಅನ್ನು 0, 0.2, 2, 20, 200 ಮೈಕ್ರೋಮೋಲಾರ್ ಎಂದು ಏರಿಸುತ್ತಾ ಹೋಗಿ. ಬ್ಯಾಂಡ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ಕಣ್ಣಾರೆ ನೋಡಿದಾಗ ಬರುವ ನಂಬಿಕೆಯೇ ಬೇರೆ.

ಬೆಳಕು ಮುಗಿದ ಮೇಲೆ ಪ್ರತಿ ಟ್ಯೂಬಿನ ಅರ್ಧ, 50 ಮೈಕ್ರೋಲೀಟರ್, ಮೈನಸ್ 80ಕ್ಕೆ ಹೋಗಲಿ. ಉಳಿದ 50ಕ್ಕೆ ಬಣ್ಣ ಸಿಕ್ಕಿಸುವುದು. ಇದು 2022ರಲ್ಲಿ ನೊಬೆಲ್ ಪಡೆದ ಕ್ಲಿಕ್ ಕೆಮಿಸ್ಟ್ರಿ. ಪ್ರೋಬ್‌ನ ಆಲ್ಕೈನ್‌ಗೂ ಬಣ್ಣದ ಮೇಲಿನ ಅಜೈಡ್‌ಗೂ ತಾಮ್ರ ಗಂಟು ಹಾಕುತ್ತದೆ. 1.25 ಮಿಲಿಮೋಲಾರ್ ಟ್ಯಾಮ್ರಾ ಅಜೈಡ್ (ಹೊಳೆಯುವ ಬಣ್ಣ) 1 ಮೈಕ್ರೋಲೀಟರ್, ಅದೇ ದಿನ ಕರಗಿಸಿದ 50 ಮಿಲಿಮೋಲಾರ್ ಟಿಸಿಇಪಿ (ತಾಮ್ರವನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವ ಅಪಕರ್ಷಕ) 1 ಮೈಕ್ರೋಲೀಟರ್, 1.7 ಮಿಲಿಮೋಲಾರ್ ಟಿಬಿಟಿಎ (ತಾಮ್ರವನ್ನು ಆ ರೂಪದಲ್ಲೇ ಕಾಯುವುದು) 3 ಮೈಕ್ರೋಲೀಟರ್ ಹಾಕಿ ಕಲಕಿ. ಕೊನೆಯಲ್ಲಿ 50 ಮಿಲಿಮೋಲಾರ್ ಕಾಪರ್ ಸಲ್ಫೇಟ್ 1 ಮೈಕ್ರೋಲೀಟರ್. ಕೋಣೆಯ ಉಷ್ಣತೆಯಲ್ಲಿ, ಕತ್ತಲಲ್ಲಿ ಒಂದು ಗಂಟೆ.

ಇಲ್ಲಿ ಕೆಡುವುದು ಹೆಚ್ಚಾಗಿ ಕೆಲವು ಬಫರ್‌ಗಳಲ್ಲಿ ಹಾಕುವ ಇಡಿಟಿಎ ಎಂಬ ರಾಸಾಯನಿಕದಿಂದ. ಅದು ತಾಮ್ರವನ್ನು ನುಂಗುತ್ತದೆ. ಬೇರೆಯವರು ಕೊಟ್ಟ ಪ್ರೋಟೀನ್ ಬಂದರೆ ಯಾವ ಬಫರ್ ಎಂದು ಕೇಳಿಯೇ ತೆಗೆದುಕೊಳ್ಳಿ. ಒಮ್ಮೆ ಕೇಳದೆ ತಂದು ಎರಡು ವಾರ ಖಾಲಿ ಜೆಲ್ ನೋಡಿದ್ದೇನೆ. ಇಡಿಟಿಎ ಇದ್ದರೆ ಸಣ್ಣ ಅಣುಗಳನ್ನು ಪ್ರೋಟೀನಿನಿಂದ ಬೇರ್ಪಡಿಸುವ ಚಿಕ್ಕ ಡಿಸಾಲ್ಟಿಂಗ್ ಕಾಲಂನಲ್ಲಿ ಒಂದು ಸಲ ತಿರುಗಿಸಿದರೆ ಸರಿಹೋಗುತ್ತದೆ. ಇನ್ನೊಂದು ಉಪಾಯ: ಬಿಎಸ್‌ಎಗೆ ಅಯೊಡೋಅಸಿಟಮೈಡ್ ಆಲ್ಕೈನ್ ಹಾಕಿ, ಹೆಚ್ಚಾದದ್ದನ್ನು ತೆಗೆದು, ಸಣ್ಣ ಸಣ್ಣ ಪಾಲು ಮಾಡಿ ಫ್ರೀಜರ್‌ನಲ್ಲಿಡಿ. ಅದಕ್ಕೆ ಬೆಳಕು ಬೇಕಿಲ್ಲ, ಆಲ್ಕೈನ್ ಮೊದಲೇ ಕೂತಿದೆ. ಪ್ರತಿ ಸಲ ಒಂದು ಸಾಲಿನಲ್ಲಿ ಅದನ್ನೂ ಓಡಿಸಿದರೆ, ಏನೂ ಬೆಳಗದ ದಿನ ತಪ್ಪು ಲ್ಯಾಂಪ್‌ದೋ ತಾಮ್ರದ್ದೋ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಜೆಲ್ 12 ಶೇಕಡಾ. 25 ಮೈಕ್ರೋಲೀಟರ್ ಹಾಕಿದರೆ ಸಾಲಿಗೆ ಸುಮಾರು 1 ಮೈಕ್ರೋಗ್ರಾಂ ಕಾರ್ಬಾನಿಕ್ ಅನ್‌ಹೈಡ್ರೇಸ್ ಬರುತ್ತದೆ, ಎಲ್ಲ ಪ್ರೋಟೀನಿಗೂ ನೀಲಿ ಹಿಡಿಸುವ ಕೂಮಾಸಿ ಬಣ್ಣಕ್ಕೆ ಸಾಕು. ಗಾತ್ರ ಅಳೆಯಲು ಪಕ್ಕದ ಸಾಲಿಗೆ ಹಾಕುವ ಬಣ್ಣದ ಮಾರ್ಕರ್‌ಗಳಲ್ಲಿ ಕೆಲವು ತಾವೇ ಹೊಳೆಯುತ್ತವೆ, ಅದರ ಪಕ್ಕ ಒಂದು ಸಾಲು ಖಾಲಿ ಬಿಡಿ. ಅಂಟದೆ ಉಳಿದ ಬಣ್ಣ ಜೆಲ್‌ನ ಕೆಳತುದಿಯಲ್ಲಿ ಗುಲಾಬಿ ಗೆರೆಯಾಗಿ ಇಳಿಯುತ್ತದೆ. ಅದನ್ನು ಪೂರ್ತಿ ಹೊರಗೆ ಓಡಿಸಿ, ಇಲ್ಲವೇ ಕತ್ತರಿಸಿ ತೆಗೆಯಿರಿ. ಬಿಟ್ಟರೆ ಸ್ಕ್ಯಾನರ್‌ನಲ್ಲಿ ಅದೊಂದೇ ಕಾಣುತ್ತದೆ. ಮೊದಲು ಹಸಿರು ಬೆಳಕಿನಲ್ಲಿ ಸ್ಕ್ಯಾನ್, ಆಮೇಲೆ ಅದೇ ಜೆಲ್‌ಗೆ ಕೂಮಾಸಿ. ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟೇ ಓದಿ. 4ನೇ ಸಾಲು ಕತ್ತಲಾಗಿದ್ದರೆ, ಕೂಮಾಸಿಯಲ್ಲಿ ಅಲ್ಲಿ ಪ್ರೋಟೀನ್ ಅಷ್ಟೇ ಇದೆಯೇ ನೋಡಿ. ಹಾಕಲು ಮರೆತ ಸಾಲೂ ಕತ್ತಲಾಗಿಯೇ ಇರುತ್ತದೆ.

ಎಲ್ಲ ಸರಿ ಇದ್ದರೆ 3ನೇ ಸಾಲಿನಲ್ಲಿ 29ರ ಹತ್ತಿರ ಚೆನ್ನಾಗಿ ಬೆಳಗುವ ಒಂದು ಬ್ಯಾಂಡ್, 66ರಲ್ಲಿ ಹೆಚ್ಚೆಂದರೆ ಒಂದು ನೆರಳು. 4ರಲ್ಲಿ 29 ಆರಿರುತ್ತದೆ. 1 ಮತ್ತು 2 ಖಾಲಿ. 5ರಲ್ಲಿ 29ರ ಹೊಳಪು ಬಹಳ ಇಳಿದಿರುತ್ತದೆ, ಬೆಂದ ಪ್ರೋಟೀನಿಗೆ ಸಂದಿಯೇ ಇಲ್ಲ, ಎಲ್ಲೆಂದರಲ್ಲಿ ಅಂಟಿದ್ದಷ್ಟೇ ಉಳಿಯುತ್ತದೆ. 6ರಲ್ಲಿ ಹೊಳಪು ಕಂಡರೆ ಎಚ್ಚರ. ಈ ಪ್ರೋಬ್‌ನಲ್ಲಿರುವಂಥ ಆಲ್ಕೈಲ್ ಡಯಜಿರಿನ್‌ಗಳು ಬೆಳಕಿನಲ್ಲಿ ಒಂದು ಪಾಲು ಡಯಜೋ ರೂಪಕ್ಕೆ ತಿರುಗುತ್ತವೆ. ಅದು ಗ್ಲುಟಮೇಟ್, ಆಸ್ಪಾರ್ಟೇಟ್‌ಗಳಂಥ ಆಮ್ಲೀಯ ಜಾಗಗಳನ್ನು ಹುಡುಕಿ ಅಂಟುತ್ತದೆ. ಪಿಎಚ್ ಇಳಿದಷ್ಟು ಇದು ಜಾಸ್ತಿ.

ಯಾವ ಪ್ರೋಟೀನ್ ಎಂದು ಗೊತ್ತಾಯಿತು. ಅದರ ಯಾವ ಭಾಗ ಎಂದು ತಿಳಿಯಲು ಮೈನಸ್ 80ರಲ್ಲಿಟ್ಟ ಅರ್ಧ ಬೇಕು. ಅದಕ್ಕೆ ಬಣ್ಣದ ಬದಲು, ಆಮ್ಲದಲ್ಲಿ ತುಂಡಾಗುವ ಬಯೋಟಿನ್ ಅಜೈಡ್ ಸಿಕ್ಕಿಸಿ. ಬಯೋಟಿನ್ ಕೊಕ್ಕೆಯ ಹಾಗೆ, ಸ್ಟ್ರೆಪ್ಟಾವಿಡಿನ್ ಅದನ್ನು ಗಟ್ಟಿಯಾಗಿ ಹಿಡಿಯುವ ಪ್ರೋಟೀನ್. ಹೆಚ್ಚಾದದ್ದನ್ನು ತೊಳೆದು, ಟ್ರಿಪ್ಸಿನ್‌ನಿಂದ ಕತ್ತರಿಸಿ, ಸ್ಟ್ರೆಪ್ಟಾವಿಡಿನ್ ಮಣಿಗಳಲ್ಲಿ ಹಿಡಿದು, ಆಮ್ಲದಿಂದ ಬಿಡಿಸಿ, ತುಣುಕುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಡಿ. ಯಾವ ತೂಕ ಹುಡುಕಬೇಕು? ಪ್ರೋಬ್ 348.126, ಬೆಳಕಿನಲ್ಲಿ ಹಾರಿಹೋದ ನೈಟ್ರೋಜನ್ 28.006. ಉಳಿದದ್ದು 320.120. ಬಳಸಿದ್ದು ಡಾಡ್‌ಪ್ಸ್ ಎಂಬ ಜಾತಿಯ ಬಯೋಟಿನ್ ಆದರೆ ಅದು ಹಿಂದೆ ಬಿಡುವ ಬಾಲ 143. ಒಟ್ಟು ಸುಮಾರು 463 ಹೆಚ್ಚಿಗೆ ತೂಗುವ ತುಣುಕೇ ನಿಮಗೆ ಬೇಕಾದದ್ದು. ಯಾವ ಅಮೈನೋ ಆಮ್ಲಕ್ಕಾದರೂ ಅಂಟಿರಬಹುದು ಎಂದು ಸಾಫ್ಟ್‌ವೇರ್‌ಗೆ ಹೇಳಿ.

ಉತ್ತರವಾಗಿ ಒಂದೇ ಅಮೈನೋ ಆಮ್ಲ ಬರುತ್ತದೆ ಎಂದು ಕಾಯಬೇಡಿ. ಗುರುತು ಸಲ್ಫೋನಮೈಡ್‌ನಿಂದ ದೂರ, ಕೊಂಡಿಯ ನಡುವೆ ಇದೆ, ಸಲ್ಫೋನಮೈಡ್ ಸತುವನ್ನು ಹಿಡಿದಿದ್ದರೂ ಗುರುತು ಲಾಳಿಕೆಯ ಬಾಯಿಯ ಕಡೆ ಆಚೀಚೆ ತೂಗಾಡುತ್ತದೆ. ಹಾಗಾಗಿ ಅಕ್ಕಪಕ್ಕದ ಎರಡು ಮೂರು ಜಾಗ ಸಿಗಬಹುದು. ಅವನ್ನು ಪ್ರೋಟೀನಿನ ರಚನೆಯ ಚಿತ್ರದ ಮೇಲೆ ಗುರುತಿಸಿ ನೋಡಿ. ಒಂದೇ ಸಂದಿಯ ಸುತ್ತ ಕೂಡಿದ್ದರೆ ಒಳ್ಳೆಯದು. ಮೈಯೆಲ್ಲ ಚದುರಿದ್ದರೆ ಬೆಳಕಿನ ಹೊತ್ತು ಇಳಿಸಿ ಮೊದಲಿನಿಂದ ಮಾಡಿ. 4ನೇ ಟ್ಯೂಬಿನ ಅರ್ಧವನ್ನೂ ಜೊತೆಗೇ ಮಾಸ್ ಸ್ಪೆಕ್‌ಗೆ ಕೊಡಿ, ಅದರಲ್ಲೂ ಅಷ್ಟೇ ಬಲವಾಗಿ ಕಾಣುವ ತುಣುಕುಗಳನ್ನು ಪಟ್ಟಿಯಿಂದ ತೆಗೆದುಹಾಕಿ.

ನಿಮ್ಮದೇ ಪ್ರೋಟೀನಿಗೆ ಹೋದಾಗ ಇನ್ನೊಂದು ಹೆಜ್ಜೆ ಇದೆ. ಪಟ್ಟಿಯಲ್ಲಿ ಉಳಿದ ಜಾಗಗಳ ನಡುವೆ, ಔಷಧಿಯನ್ನು ಹಿಡಿದಿರಬಹುದು ಅನ್ನಿಸುವ ಒಂದು ಅಮೈನೋ ಆಮ್ಲವನ್ನು ಬದಲಿಸಿದ ಪ್ರೋಟೀನ್ ಮಾಡಿಸಿ. ಅದು ಸರಿಯಾಗಿ ಮಡಚಿಕೊಂಡಿದೆಯೇ ನೋಡಿಕೊಂಡು, ಹಳೆಯದನ್ನೂ ಹೊಸದನ್ನೂ ಒಂದೇ ದಿನ, ಒಂದೇ ಲ್ಯಾಂಪ್ ಕೆಳಗೆ, ಅದೇ ಆರು ಟ್ಯೂಬ್‌ಗಳ ಕ್ರಮದಲ್ಲಿ ಓಡಿಸಿ. ನಾನು ಇಂಥ ಪ್ರಯೋಗಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಐಸ್ ತುಂಬುತ್ತೇನೆ, ಸಂಜೆ ಆರರ ಹೊತ್ತಿಗೆ ಜೆಲ್ ಸ್ಕ್ಯಾನರ್ ಮೇಲಿರುತ್ತದೆ.